ಗೋಡೆಯೊಳಗಿನ ಬಣ್ಣಗಳು

ಧಾರವಾಡದ ಮಾಳಮಡ್ಡಿಯ ಒಂದು ಹಳೆಯ ಹೆಂಚಿನ ಮನೆಯಲ್ಲಿ ವಾಯರಿಂಗ್ ಬದಲಿಸುವ ಕೆಲಸ ನಡೆದಿತ್ತು. ಮೂರು ದಿನದಿಂದ ಹಿಡಿದ ಸೋನೆ ಮಳೆ ಬಿಟ್ಟಿರಲಿಲ್ಲ. ಮಾತಾಡಿಸಿ ಬರೋಣವೆಂದು ಹೋದ ನಾನು ಏಣಿ ಹಿಡಿದುಕೊಂಡು ನಿಲ್ಲುವಂತಾಯಿತು. ಪಡಸಾಲೆಯ ತೊಲೆಗುಂಟ ಸಾಗಿದ್ದ ಸಾಗವಾನಿ ಪಟ್ಟಿಯ ಸ್ಕ್ರೂ ಬಿಚ್ಚಿ, ವಾಯರ್‌ಮನ್ ಮೇಲಿನ ಮುಚ್ಚಳ ಎತ್ತಿದ. ಒಳಗೆ ಎರಡು ಕಾಲುವೆ, ಒಂದೊಂದರಲ್ಲಿ ಒಂದೊಂದು ತಂತಿ. ರಬ್ಬರಿನ ಮೇಲೆ ನೂಲಿನ ಹೆಣಿಗೆ. ಒಂದು ಕಾಲಕ್ಕೆ ಒಂದರದು ಕೆಂಪು, ಇನ್ನೊಂದರದು ಕಪ್ಪು ಇದ್ದಿರಬೇಕು. ಈಗ ಎರಡೂ ಹಳೆ ಬೆಲ್ಲದ ಬಣ್ಣ. ಬೆರಳು ಸೋಕಿದರೆ ರಬ್ಬರು ಹಪ್ಪಳದಂತೆ ಮುರಿದು ಪುಡಿಯಾಗುತ್ತಿತ್ತು.

ಅಡಿಗೆಮನೆಯಲ್ಲಿ ಬೇರೆಯದೇ ಕಾಲ. ಅಲ್ಲಿ ಬ್ಯಾಟನ್ ಪಟ್ಟಿ, ತಗಡಿನ ಕ್ಲಿಪ್ಪು, ಹೊಗೆ ಹಿಡಿದ ಚಪ್ಪಟೆ ಕೇಬಲ್ಲು. ಹೊರಗಿನ ಸಿಪ್ಪೆ ಸುಲಿದರೆ ಒಳಗೆ ಒಂದು ಕೆಂಪು, ಒಂದು ಕಪ್ಪು. ಬಣ್ಣ ಇನ್ನೂ ಗಟ್ಟಿ. ಹಿತ್ತಲ ಕಡೆ ಆಮೇಲೆ ಕಟ್ಟಿಸಿದ ಬಚ್ಚಲುಮನೆಗೆ ಗೋಡೆಯೊಳಗೇ ಪಿ.ವಿ.ಸಿ. ಪೈಪು. ಅದರಿಂದ ಎಳೆದಾಗ ಬಂದವು ಮೂರು ತಂತಿ, ಮೂರೂ ಹಳದಿ. ಗೀಜರಿನ ಫೇಜ್ ಹಳದಿ, ನ್ಯೂಟ್ರಲ್ ಹಳದಿ, ಅರ್ಥಿಂಗ್ ಹಳದಿ.

"ಹಳದಿ ಕಾಯಿಲ್ ಉಳದಿತ್ತಂತ ಕಾಣ್ತೈತ್ರಿ," ಎಂದ ವಾಯರ್‌ಮನ್. ಬೈಯಲಿಲ್ಲ, ಬೇಸರವನ್ನೂ ಮಾಡಿಕೊಳ್ಳಲಿಲ್ಲ. ಅವನು ದಿನಾ ನೋಡುವುದೇ ಅದು.

ಎಪ್ಪತ್ತೆಂಬತ್ತು ವರ್ಷ ಒಂದರ ಮಗ್ಗುಲಿಗೆ ಒಂದು ಹೀಗೆ ಒಂದೇ ಸೂರಿನಡಿ ಕೂತಿತ್ತು. ಕಟ್ಟಡಗಳ ಇತಿಹಾಸ ಬರೆಯುವವರು ಕಂಬ, ತೊಲೆ, ಬಾಗಿಲವಾಡ ನೋಡುತ್ತಾರೆ. ಹುಬ್ಬಳ್ಳಿ-ಧಾರವಾಡದ ಮನೆಗಳ ವಯಸ್ಸು ತಿಳಿಯಲು ಸ್ವಿಚ್ ಬೋರ್ಡಿನ ನಾಲ್ಕು ಸ್ಕ್ರೂ ಬಿಚ್ಚಿದರೂ ಸಾಕು ಎಂದು ನನಗೆ ಅನ್ನಿಸಿದ್ದು ಆವತ್ತು.

ಕರ್ನಾಟಕದ ವಿದ್ಯುತ್ತಿನ ಕತೆ ಹೇಳುವವರೆಲ್ಲ ಶಿವನಸಮುದ್ರದಿಂದ ಸುರು ಮಾಡುತ್ತಾರೆ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದದ್ದು, 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಶಾಲೆಯ ಹುಡುಗರಿಗೂ ಬಾಯಿಪಾಠ. ಆದರೆ ಅದು ಮೈಸೂರು ಅರಸರ ಸೀಮೆಯ ಕತೆ. ನಮ್ಮ ಕಡೆಗೆ ಆಗ ಸರ್ಕಾರ ಅಂದರೆ ಮುಂಬಯಿ. ಇಲ್ಲಿ ಬೆಳಕು ಬಂದದ್ದು ಲೈಸೆನ್ಸಿನ ಕಂಪನಿಗಳ ದಾರಿಯಲ್ಲಿ. 1910ರ ಭಾರತೀಯ ವಿದ್ಯುತ್ ಕಾಯಿದೆಯಡಿ ಪ್ರಾಂತ ಸರ್ಕಾರ ಒಂದು ಊರಿಗೆ ಒಂದು ಕಂಪನಿಗೆ ಪರವಾನಗಿ ಕೊಡುತ್ತಿತ್ತು. ಹುಬ್ಬಳ್ಳಿಗೂ ಹಾಗೊಂದು ಕಂಪನಿ ಇತ್ತು, ಹೆಸರೇ ಹುಬ್ಬಳ್ಳಿ ಇಲೆಕ್ಟ್ರಿಸಿಟಿ ಕಂಪನಿ.

ಈ ಕಂಪನಿಯನ್ನು ಊರು ಮರೆತಿದೆ, ವಕೀಲರು ಮರೆತಿಲ್ಲ. ಲೈಸೆನ್ಸು ರದ್ದು ಮಾಡುವ ಸರ್ಕಾರದ ಅಧಿಕಾರದ ಬಗ್ಗೆ ಕಂಪನಿಗೂ ಮುಂಬಯಿ ಪ್ರಾಂತ ಸರ್ಕಾರಕ್ಕೂ ಬಿದ್ದ ಜಗಳ ಲಂಡನ್ನಿನ ಪ್ರಿವಿ ಕೌನ್ಸಿಲ್ ಮೆಟ್ಟಿಲೇರಿತು. ತೀರ್ಪು 1949ರ ಕಾನೂನು ವರದಿಯಲ್ಲಿ ಅಚ್ಚಾಗಿದೆ, ಭಾರತದ ವ್ಯಾಜ್ಯಗಳು ಪ್ರಿವಿ ಕೌನ್ಸಿಲಿಗೆ ಹೋಗುವುದು ನಿಂತದ್ದೂ ಅದೇ ವರ್ಷ. ಅಲ್ಲಿ ತೀರ್ಮಾನವಾದ ಮಾತು ಸ್ವಾರಸ್ಯದ್ದು. ಕಂಪನಿ ಬೇಕೆಂದೇ ದೀರ್ಘಕಾಲ ಕರ್ತವ್ಯ ತಪ್ಪಿದೆಯೇ ಎಂಬುದು ಸರ್ಕಾರದ ಅಭಿಪ್ರಾಯಕ್ಕೆ ಬಿಟ್ಟದ್ದು. ಆದರೆ ಆ ಕರ್ತವ್ಯ ಏನು, ಕಾಯಿದೆ ಏನು ಮಾಡು ಎಂದು ಹೇಳಿದೆ, ಅದು ಯಾರ ಅಭಿಪ್ರಾಯವೂ ಅಲ್ಲ, ಕಾನೂನಿನ ಪ್ರಶ್ನೆ. 1966ರಲ್ಲಿ ಬೇರಿಯಂ ಕೆಮಿಕಲ್ಸ್ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟು ಈ ಮಾತನ್ನು ಮತ್ತೆ ಎತ್ತಿಕೊಂಡಿತು. ಹೀಗೆ ಹುಬ್ಬಳ್ಳಿಯ ಲೈಟಿನ ಕಂಪನಿ ಆಡಳಿತ ಕಾನೂನಿನ ಪಠ್ಯದಲ್ಲಿ ಉಳಿದುಕೊಂಡಿದೆ.

ವಾಯರಿನ ಬಣ್ಣಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಬಣ್ಣದ ವಿಷಯದಲ್ಲಿ ನಮ್ಮ ಕಡೆ ನಡೆದ ತಕರಾರೂ ಇದೇ: ನಿಯಮ ಎಷ್ಟು, ಮನಸ್ಸಿಗೆ ಬಂದದ್ದು ಎಷ್ಟು?

ಮೊದಮೊದಲು ಬಣ್ಣದ ಗರಜೇ ಅಷ್ಟಿರಲಿಲ್ಲ. ಸಾಗವಾನಿ ಪಟ್ಟಿಯಲ್ಲಿ ಎರಡು ಕಾಲುವೆ ಇದ್ದಾಗ ತಂತಿ ಕೂತ ಜಾಗವೇ ಅದರ ಗುರುತು. ಮನೆಗೆ ಬರುತ್ತಿದ್ದುದೂ ಎರಡೇ ತಂತಿ, ಹೋಗುವುದೊಂದು, ಬರುವುದೊಂದು. ಬ್ರಿಟಿಷರ ರೂಢಿಯಂತೆ ಬಿಸಿ ತಂತಿ ಕೆಂಪು, ತಟಸ್ಥ ತಂತಿ ಕಪ್ಪು. ಮೇನ್ ಬೋರ್ಡಿನಲ್ಲಿ ಎರಡಕ್ಕೂ ಒಂದೊಂದು ಪಿಂಗಾಣಿ ಫ್ಯೂಜು. ಆಗ ಅದು ಜಾಣತನವೆನಿಸಿತ್ತು. ಈಗ ಅದು ಅಪಾಯ ಎಂದು ಎಲ್ಲರಿಗೂ ಗೊತ್ತು. ಕಪ್ಪಿನ ಫ್ಯೂಜು ಹೋದರೆ ಮನೆಯ ದೀಪವೆಲ್ಲ ಆರುತ್ತವೆ, ಆದರೆ ತಂತಿಯಲ್ಲಿ ಕರೆಂಟು ಹಾಗೇ ಇರುತ್ತದೆ. ಲೈಟು ಹೋಗಿದೆ ಎಂದುಕೊಂಡು ಹೋಲ್ಡರಿಗೆ ಕೈ ಹಾಕಿದವನ ಗತಿ ಹೇಳಬೇಕಿಲ್ಲ.

1956 ಈ ಊರಿಗೆ ಎರಡು ರೀತಿಯಲ್ಲಿ ಮುಖ್ಯ. ನವೆಂಬರ್ 1ಕ್ಕೆ ಧಾರವಾಡ ಜಿಲ್ಲೆ ಮುಂಬಯಿ ಬಿಟ್ಟು ಮೈಸೂರು ರಾಜ್ಯ ಸೇರಿತು. ದೇಶಕ್ಕೆಲ್ಲ ಅನ್ವಯಿಸುವ ಭಾರತೀಯ ವಿದ್ಯುತ್ ನಿಯಮಗಳು ಬಂದದ್ದೂ ಅದೇ ವರ್ಷ. ಆ ನಿಯಮಗಳಲ್ಲಿ 32ನೆಯದು ಓದಬೇಕಾದದ್ದು. ನ್ಯೂಟ್ರಲ್ ತಂತಿಯನ್ನು ಬಿಸಿ ತಂತಿಯಿಂದ ಬೇರೆಯಾಗಿ ಗುರುತಿಸಲು ಅಳಿಯದ ಗುರುತು ಇರಬೇಕು. ನ್ಯೂಟ್ರಲ್ ತಂತಿಯೊಂದರಲ್ಲೇ ಫ್ಯೂಜಾಗಲಿ ಸ್ವಿಚ್ಚಾಗಲಿ ಇಡಕೂಡದು. ಗಮನಿಸಿ, ಕೆಂಪು ಕಪ್ಪು ಎಂಬ ಮಾತಲ್ಲ, ಗುರುತು ಎಂಬ ಮಾತು. ಬಣ್ಣದ ವಿವರವನ್ನು ಭಾರತೀಯ ಮಾನಕ ಸಂಸ್ಥೆಯ ಪುಸ್ತಕಗಳಿಗೆ ಬಿಟ್ಟರು. ಅವುಗಳ ಪ್ರಕಾರ ಮೂರು ಫೇಜಿಗೆ ಕೆಂಪು, ಹಳದಿ, ನೀಲಿ, ನ್ಯೂಟ್ರಲಿಗೆ ಕಪ್ಪು, ಅರ್ಥಿಂಗಿಗೆ ಹಸಿರು, ಆಮೇಲಾಮೇಲೆ ಹಸಿರಿನ ಮೇಲೆ ಹಳದಿ ಪಟ್ಟೆ. ತಂತಿ ಗುರುತಿನ ಬಗ್ಗೆಯೇ ಇರುವ ಐಎಸ್ 11353 ಎಂಬ ಮಾನಕ 1985ರದು.

ಇಲ್ಲೊಂದು ಅಡ್ಡಮಾತು. ಇದೇ ಮಾನಕ ಸಂಸ್ಥೆಯ ಪಟ್ಟಿಯಲ್ಲಿ ಐಎಸ್ 1 ಯಾವುದು ಗೊತ್ತೇ? ರಾಷ್ಟ್ರಧ್ವಜ. ಆ ಮಾನಕದಂತೆ ಖಾದಿ ಧ್ವಜ ತಯಾರಾಗುವುದು ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿ, ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ. ಅಲ್ಲಿ ಕೇಸರಿ ಒಂದು ಛಾಯೆ ಆಚೀಚೆಯಾದರೆ ಬಟ್ಟೆ ತಿರಸ್ಕಾರ. ಇತ್ತ ಮಾಳಮಡ್ಡಿಯಲ್ಲಿ, ಅದೇ ಸಂಸ್ಥೆಯ ಅದೇ ತರಹದ ಇನ್ನೊಂದು ಪುಸ್ತಕದ ಮಾತು ನಡೆಯಬೇಕಾದ ಗೋಡೆಯಲ್ಲಿ, ಮೂರೂ ವಾಯರು ಹಳದಿ. ಧ್ವಜ ಕಣ್ಣಿಗೆ ಕಾಣುತ್ತದೆ, ವಾಯರು ಗಿಲಾವಿನ ಹಿಂದೆ ಹೋಗುತ್ತದೆ. ವ್ಯತ್ಯಾಸ ಅಷ್ಟೇ ಎಂದು ಕಾಣುತ್ತದೆ.

1957ರ ಅಕ್ಟೋಬರಿನಲ್ಲಿ ರಾಜ್ಯದ ವಿದ್ಯುತ್ ಮಂಡಳಿ ಹುಟ್ಟಿತು. ಮುಂದೆ ಅದೇ ಕೆ.ಇ.ಬಿ. ಆಯಿತು. 2002ರಿಂದ ನವನಗರದಲ್ಲಿ ಕಚೇರಿ ಇರುವ ಹೆಸ್ಕಾಂ ಬಿಲ್ಲು ಕೊಡುತ್ತಿದ್ದರೂ ನಮ್ಮ ಹಿರಿಯರ ಬಾಯಲ್ಲಿ ಕಂಬ ಹತ್ತುವವರು ಇಂದಿಗೂ 'ಕೆ.ಇ.ಬಿ.ಯವರು', ಬಿಲ್ಲು 'ಲೈಟ್ ಬಿಲ್ಲು'.

ಕೆ.ಇ.ಬಿ. ಕಾಲದ ಮನೆ ಎಂದರೆ ಬ್ಯಾಟನ್ ವಾಯರಿಂಗ್. ಸಪ್ತಾಪುರ, ವಿದ್ಯಾನಗರ, ಕೇಶ್ವಾಪುರದ ಎಷ್ಟೋ ಮನೆಗಳಲ್ಲಿ ಅದು ಇನ್ನೂ ಇದೆ. ಅದನ್ನು ನೋಡಿ ನಗುವವರಿದ್ದಾರೆ. ನನಗೆ ಅದರ ಮೇಲೆ ಗೌರವ. ಎಲ್ಲವೂ ಗೋಡೆಯ ಮೇಲೆ, ಕಣ್ಣ ಮುಂದೆ. ಯಾವ ತಂತಿ ಎಲ್ಲಿಂದ ಹೊರಟು ಎಲ್ಲಿಗೆ ಹೋಯಿತು ಎಂದು ಕುರ್ಚಿಯಲ್ಲಿ ಕೂತೇ ಹೇಳಬಹುದು. ಪಟ್ಟಿಯ ಪಕ್ಕಕ್ಕೆ ಹದಿನಾಲ್ಕು ಗೇಜಿನ ಬರಿಮೈ ತಂತಿ ಒಂದು ಓಡುತ್ತಿತ್ತು, ಅದು ಅರ್ಥಿಂಗು. ಮೈಮೇಲೆ ಬಟ್ಟೆಯೇ ಇಲ್ಲದ್ದಕ್ಕೆ ಬಣ್ಣದ ಮಾತೆಲ್ಲಿ? ಬರಿಮೈಯೇ ಅದರ ಗುರುತು.

ಅರ್ಥಿಂಗ್ ವಿಷಯದಲ್ಲಿ ನಮ್ಮ ಜೋಡಿ ಊರಿಗೆ ತನ್ನದೇ ಒಂದು ತಾಪತ್ರಯವಿದೆ. ಧಾರವಾಡ ಮಲೆನಾಡಿನ ಸೆರಗು, ಮಣ್ಣು ಕೆಂಪು. ಹುಬ್ಬಳ್ಳಿ ದಾಟಿ ನವಲಗುಂದದ ಕಡೆ ಹೊರಟರೆ ಎರೆ ಭೂಮಿ. ಹಸಿಯಿದ್ದಾಗ ಎರೆ ಮಣ್ಣು ಕರೆಂಟನ್ನು ಚೆನ್ನಾಗಿ ನುಂಗುತ್ತದೆ. ಏಪ್ರಿಲ್ ಬಂತೆಂದರೆ ಕೈ ತೂರುವಷ್ಟು ಬಿರುಕು ಬಿಟ್ಟು, ಹೂತ ಪೈಪಿನಿಂದ ದೂರ ಸರಿದು ನಿಲ್ಲುತ್ತದೆ. ಇದ್ದಲಿ, ಉಪ್ಪು ತುಂಬಿ ಮೇಲೊಂದು ಆಲಿಕೆ ಇಟ್ಟು ನೀರು ಹಾಕಿರಿ ಎಂದು ಹಿಂದಿನವರು ಹೇಳುತ್ತಿದ್ದುದು ಅದಕ್ಕೇ. ಗೋಡೆಯಲ್ಲಿ ಹಸಿರು ವಾಯರು ಇದ್ದು, ಅಂಗಳದ ಗುಂಡಿ ಒಣಗಿದ್ದರೆ ಆ ಹಸಿರಿಗೆ ಬೆಲೆ ಇಲ್ಲ.

ಮಾರುಕಟ್ಟೆಗೆ ಪಿ.ವಿ.ಸಿ. ಹೊದಿಕೆಯ ವಾಯರು ಬಂದ ಮೇಲೆ ಬಣ್ಣ ಅಗ್ಗವಾಯಿತು. ಪುಣೆಯಲ್ಲಿ 1958ರಲ್ಲಿ ಸುರುವಾದ ಫಿನೋಲೆಕ್ಸ್‌ನಂಥ ಕಂಪನಿಗಳ 90 ಮೀಟರಿನ ಕಾಯಿಲುಗಳು ದುರ್ಗದ ಬೈಲಿನ ಸುತ್ತಲಿನ ಅಂಗಡಿಗಳಲ್ಲಿ ಗೋಡೆಗೆ ಒರಗಿ ನಿಂತವು. ಕೆಂಪು, ಹಳದಿ, ನೀಲಿ, ಕಪ್ಪು, ಹಸಿರು. ಹಳೆಯ ವಾಯರ್‌ಮನ್‌ಗಳು ಈಗಲೂ 'ತ್ರೀ ಟ್ವೆಂಟಿಟೂ', 'ಸೆವೆನ್ ಟ್ವೆಂಟಿಟೂ' ಎಂದೇ ಕೇಳುತ್ತಾರೆ. ಇಪ್ಪತ್ತೆರಡು ಗೇಜಿನ ಮೂರು ಎಳೆ, ಏಳು ಎಳೆ ಎಂದು ಅರ್ಥ. ಅಂಗಡಿಯವನು ಮರುಮಾತಿಲ್ಲದೆ ಏಳರ ಬದಲಿಗೆ ಎರಡೂವರೆ ಚದರ ಮಿಲಿಮೀಟರಿನದು ಎತ್ತಿಕೊಡುತ್ತಾನೆ. ಭಾಷಾಂತರ ಹೀಗೆ ದಿನಾ ನಡೆಯುತ್ತದೆ.

ಬಣ್ಣ ಅಗ್ಗವಾದ ಹೊತ್ತಿಗೇ ವಾಯರು ಗೋಡೆಯೊಳಗೆ ಹೋಯಿತು. ಬಣ್ಣ ನಿಜವಾಗಿ ಬೇಕಾದದ್ದು ಆಗ. ಪೈಪಿನೊಳಗೆ ಏಳೆಂಟು ತಂತಿ ಒಟ್ಟಿಗೆ ಹೋಗುತ್ತವೆ; ಆ ತುದಿಯಲ್ಲಿ ಯಾವುದು ಎಂದು ಈ ತುದಿಯಲ್ಲಿ ಹೇಳುವುದು ಬಣ್ಣ ಮಾತ್ರ. ನಮ್ಮಲ್ಲಿ ತಪ್ಪಿದ್ದೂ ಅಲ್ಲೇ. ಒಂದು ಕೋಣೆಗೆ ಬೇಕಾದದ್ದು ಹತ್ತು ಮೀಟರು, ಕಾಯಿಲು 90 ಮೀಟರು. ಮನೆಯ ಯಜಮಾನನಿಗೆ ಮೂರು ಬಣ್ಣದ ಮೂರು ಕಾಯಿಲು ಭಾರವೆನಿಸಿ ಒಂದರಲ್ಲೇ ಮುಗಿಸು ಅನ್ನುತ್ತಾನೆ. ಪರವಾನಗಿ ಇರುವ ಗುತ್ತಿಗೆದಾರ, ಪರ್ಮಿಟ್ ಇರುವ ವಾಯರ್‌ಮನ್ ಮಾತ್ರ ಈ ಕೆಲಸ ಮಾಡಬೇಕೆಂದು 1956ರ ನಿಯಮಗಳಲ್ಲೇ ಇತ್ತು. ಸಹಿ ಅವರದೇ ಇರುತ್ತದೆ. ಗೋಡೆ ಕೊರೆದವನು ಬೇರೆ ಇರುತ್ತಾನೆ.

ಇದರ ಫಲ ಏನೆಂದು ತೋರಿಸಲು ಅಪಘಾತದ ಕತೆ ಬೇಕಿಲ್ಲ. ರಾತ್ರಿ ಸ್ವಿಚ್ ಆರಿಸಿದ ಮೇಲೂ ಎಲ್.ಇ.ಡಿ. ಬಲ್ಬು ಮಿಣುಕುಹುಳದಂತೆ ಮಂಕಾಗಿ ಹೊಳೆಯುವುದನ್ನು ನೀವು ನೋಡಿರಬಹುದು. ಅನೇಕ ಸಲ ಅದರ ಅರ್ಥ, ಸ್ವಿಚ್ಚು ಫೇಜಿನ ಮೇಲಿಲ್ಲ, ನ್ಯೂಟ್ರಲ್ ಮೇಲಿದೆ. ಹಳೆಯ ಗುಂಡು ಬಲ್ಬು ಈ ತಪ್ಪನ್ನು ಮುಚ್ಚಿಟ್ಟುಕೊಂಡಿತ್ತು. ಹೊಸ ಬಲ್ಬು ಚಾಡಿ ಹೇಳುತ್ತದೆ. ಅರ್ಥ್ ಲೀಕೇಜ್ ಬ್ರೇಕರಿನದೂ ಅದೇ ಸ್ವಭಾವ. ಹೋದ ಕರೆಂಟು ಅಷ್ಟೇ ವಾಪಸು ಬಂತೇ ಎಂದು ಲೆಕ್ಕ ಹಿಡಿಯುವ ಯಂತ್ರ ಅದು. ಹಳೆಯ ಮನೆಗೆ ಅದನ್ನು ಕೂಡಿಸಿದ ಮೊದಲ ದಿನವೇ ಟಪ್ಪನೆ ಬಿದ್ದುಬಿಡುತ್ತದೆ. 'ಬ್ರೇಕರ್ ಖರಾಬ್' ಎಂದು ಕಿತ್ತು ಹಾಕಿಸಿದವರನ್ನು ನಾನು ಕಂಡಿದ್ದೇನೆ. ಬ್ರೇಕರ್ ಸರಿಯಾಗೇ ಇತ್ತು. ಹತ್ತಾರು ವರ್ಷದ ಹಿಂದೆ ಯಾರೋ ಬಣ್ಣ ಗೊತ್ತಾಗದೆ ಒಂದು ಕಡೆ ನ್ಯೂಟ್ರಲಿಗೂ ಅರ್ಥಿಂಗಿಗೂ ಗಂಟು ಹಾಕಿದ್ದ.

ವಾಣಿಜ್ಯ ಕಟ್ಟಡಗಳಲ್ಲಿ ಶಿಸ್ತು ಹೆಚ್ಚು. ಅಲ್ಲಿ ತಪ್ಪಿಗೆ ತಕ್ಷಣ ದುಡ್ಡು ತೆರಬೇಕು. ಗೋಕುಲ ರಸ್ತೆಯ ಕಾರ್ಖಾನೆಯಾಗಲಿ, ಅಮರಗೋಳದ ಎ.ಪಿ.ಎಂ.ಸಿ. ಮಗ್ಗುಲಿನ ಗಿರಣಿಯಾಗಲಿ, ಪ್ಯಾನೆಲ್ಲಿನ ನೆತ್ತಿಯ ಮೇಲೆ ಮೂರು ಪುಟ್ಟ ದೀಪ: ಕೆಂಪು, ಹಳದಿ, ನೀಲಿ. ಒಂದು ಆರಿದರೆ ಒಂದು ಫೇಜ್ ಇಲ್ಲ. ಈ ಮೂರಕ್ಕೆ ಕ್ರಮವೂ ಇದೆ. ಯಾವುದಾದರೂ ಎರಡನ್ನು ಅದಲು ಬದಲು ಮಾಡಿದರೆ ಮೂರು ಫೇಜಿನ ಮೋಟಾರು ಉಲ್ಟಾ ತಿರುಗುತ್ತದೆ. ಗಾಳಿ ಮಳೆಗೆ ಲೈನು ಕಡಿದು ಬಿದ್ದು, ಕತ್ತಲಲ್ಲಿ ಜೋಡಿಸುವಾಗ ಕ್ರಮ ತಪ್ಪಿದರೆ ಬೆಳಗ್ಗೆ ಗಿರಣಿಯ ಪಟ್ಟಾ ಹಿಂದಕ್ಕೆ ಓಡುತ್ತದೆ. ಬೋರಿನ ಪಂಪು ಗುಂಯ್ ಎನ್ನುತ್ತದೆ, ನೀರು ಮೇಲೆ ಬರುವುದಿಲ್ಲ. ಖಾರ ಕುಟ್ಟಿಸಲು ಬ್ಯಾಡಗಿ ಮೆಣಸಿನಕಾಯಿ ತಂದು ಸಾಲಿನಲ್ಲಿ ನಿಂತವರಿಗೆ ಗಿರಣಿಯವನು 'ಫೇಜ್ ಉಲ್ಟಾ ಆಗ್ಯಾವ್ರಿ, ತಡೀರಿ' ಅನ್ನುತ್ತಾನೆ. ಎರಡು ತಂತಿ ಬಿಚ್ಚಿ ಬದಲಿಸುತ್ತಾನೆ, ಪಟ್ಟಾ ಮುಂದಕ್ಕೆ ಓಡುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ನೀಲಿ. ನಮ್ಮ ಗೋಡೆಯಲ್ಲಿ ನೀಲಿ ಎಂದರೆ ಮೂರನೆಯ ಫೇಜ್, ಮುಟ್ಟಿದರೆ ಹೊಡೆಯುವಂಥದು. ಆದರೆ ಹೊಸ ಮಿಕ್ಸಿಯ ವಾಯರು ಸುಲಿದು ನೋಡಿ. ಒಳಗೆ ಕಂದು, ತಿಳಿನೀಲಿ, ಹಸಿರು-ಹಳದಿ ಪಟ್ಟೆ. ಅಲ್ಲಿ ತಿಳಿನೀಲಿ ಎಂದರೆ ನ್ಯೂಟ್ರಲ್! ಒಂದೇ ಬಣ್ಣಕ್ಕೆ ಒಂದೇ ಮನೆಯಲ್ಲಿ ಎರಡು ಅರ್ಥ ಬಂದದ್ದರ ಹಿಂದೆ ಯುರೋಪಿನ ಜಗಳವಿದೆ. ಬ್ರಿಟನ್ನಿನಲ್ಲಿ ಕೆಂಪು ಬಿಸಿ ತಂತಿಯಾಗಿದ್ದ ಕಾಲಕ್ಕೆ ಜರ್ಮನಿಯಲ್ಲಿ ಅದೇ ಕೆಂಪು ಅರ್ಥಿಂಗಿನ ಬಣ್ಣವಾಗಿತ್ತು, 1965ರ ತನಕ. ಜರ್ಮನ್ ಯಂತ್ರವನ್ನು ಲಂಡನ್ನಿನಲ್ಲಿ ಬಣ್ಣ ನೋಡಿ ಜೋಡಿಸಿದರೆ ಯಂತ್ರದ ಮೈಗೇ ಕರೆಂಟು ಕೊಟ್ಟಂತೆ. ಆದ್ದರಿಂದ ಯಾರ ಹಳೆಯ ಬಣ್ಣವೂ ಬೇಡವೆಂದು ಕಂದು, ನೀಲಿಗಳನ್ನು ಆರಿಸಿದರು. ಅರ್ಥಿಂಗಿಗೆ ಎರಡು ಬಣ್ಣದ ಪಟ್ಟೆ ಕೊಟ್ಟದ್ದು ಕೆಂಪು-ಹಸಿರಿನ ಭೇದ ಕಾಣದ ಕಣ್ಣಿಗೂ ಪಟ್ಟೆ ಕಾಣಲಿ ಎಂದು. ಬ್ರಿಟನ್ನು 1969ರಲ್ಲಿ ಉಪಕರಣಗಳ ವಾಯರಿಗೆ ಇದನ್ನು ಕಾನೂನು ಮಾಡಿತು. ಗೋಡೆಯ ವಾಯರಿಂಗಿಗೆ ಒಪ್ಪಿದ್ದು 2004ರಲ್ಲಿ. ಕೆಂಪು-ಕಪ್ಪು ನಮಗೆ ಕಲಿಸಿದವರೇ ಅದನ್ನು ಬಿಟ್ಟರು. ನಮ್ಮ ಗೋಡೆಗಳು ಹಿಡಿದುಕೊಂಡೇ ಇವೆ. ಅಮೆರಿಕದಲ್ಲಂತೂ ಕಪ್ಪೇ ಬಿಸಿ, ಬಿಳಿ ನ್ಯೂಟ್ರಲ್. ಅಲ್ಲಿಂದ ರಜೆಗೆ ಬಂದ ಮಗ ಅಪ್ಪನ ಮನೆಯ ಬೋರ್ಡಿಗೆ ಕೈ ಹಾಕುವ ಮೊದಲು ಎರಡು ಸಲ ಯೋಚಿಸಬೇಕು.

ನೀಲಿಯ ಗೊಂದಲ ಬರಿ ಪುಸ್ತಕದ್ದಲ್ಲ. ಮೂರು ಫೇಜ್ ಇರುವ ಅಂಗಡಿಯಲ್ಲಿ ಯಾರಾದರೂ ಉಪಕರಣದ ಕಂದನ್ನು ಗೋಡೆಯ ಕೆಂಪಿಗೆ, ನೀಲಿಯನ್ನು ಗೋಡೆಯ ನೀಲಿಗೆ ಜೋಡಿಸಿದರು ಅನ್ನಿ. ನೋಡಲು ಎಷ್ಟು ಸರಿ! ಆದರೆ 230 ವೋಲ್ಟಿಗೆ ಮಾಡಿದ ಯಂತ್ರಕ್ಕೆ ಎರಡು ಫೇಜಿನ ನಡುವಿನ 400 ವೋಲ್ಟು ಸುರಿಯುತ್ತದೆ. ಮೊದಲು ವಾಸನೆ, ಆಮೇಲೆ ಹೊಗೆ.

ಮಾಳಮಡ್ಡಿಯ ವಾಯರ್‌ಮನ್ ಬಣ್ಣವನ್ನು ನಂಬುವವನಲ್ಲ. ಟೆಸ್ಟರನ್ನೂ ಪೂರಾ ನಂಬುವುದಿಲ್ಲ. ಕಿಸೆಯಿಂದ ಹೋಲ್ಡರಿಗೆ ಎರಡು ತುಂಡು ವಾಯರು ಕಟ್ಟಿದ ಬಲ್ಬೊಂದನ್ನು ತೆಗೆದು ತೋರಿಸಿದ. "ನ್ಯೂಟ್ರಲ್ ಎಲ್ಲರೆ ಕಟ್ ಆಗಿದ್ರ ಎರಡೂ ವಾಯರಿಗೂ ಟೆಸ್ಟರ್ ಹತ್ತತೈತ್ರಿ. ಕಪ್ಪಂದೂ ಕೆಂಪಂದೂ ಒಂದ ಆಗಿ ಕುಂದರತೈತಿ. ಬಲ್ಬ್ ಹಚ್ಚಿ ನೋಡಿದ್ರ ಖರೆ ಗೊತ್ತಾಗತೈತಿ." ಬಲ್ಬಿನ ಒಂದು ತುದಿ ಫೇಜಿಗೆ, ಇನ್ನೊಂದು ನ್ಯೂಟ್ರಲಿಗೆ, ನಿಚ್ಚಳ ಉರಿದರೆ ಎರಡೂ ನೆಟ್ಟಗಿವೆ. ಮುವ್ವತ್ತು ವರ್ಷದ ಕೆಲಸದಲ್ಲಿ ಕಲಿತದ್ದು ಇದು ಎಂದ.

ಸಂಜೆಗೆ ಹೊಸ ವಾಯರು ಎಳೆದು ಮುಗಿಯಿತು. ಫೇಜಿಗೆ ಕೆಂಪು, ನ್ಯೂಟ್ರಲಿಗೆ ಕಪ್ಪು, ಅರ್ಥಿಂಗಿಗೆ ಹಸಿರು. ಬಚ್ಚಲಿನ ಮೂರು ಹಳದಿಗಳನ್ನು ಸುತ್ತಿ ಗುಜರಿಗೆ ಎತ್ತಿಟ್ಟ. ಬೋರ್ಡಿನ ಮುಚ್ಚಳದ ಒಳಮೈಗೆ ಒಂದು ಚೀಟಿ ಅಂಟಿಸಿ, ಬಾಲ್ ಪೆನ್ನಿನಲ್ಲಿ ಯಾವ ಬಣ್ಣ ಯಾವುದಕ್ಕೆ, ಯಾವ ತಾರೀಖು ಎಂದು ಬರೆದ. ಮುಂದೆ ಬಿಚ್ಚುವವನಿಗಾಗಿ.

ನೀವು ಮನೆ ಕಟ್ಟಿಸುತ್ತಿದ್ದರೆ ಗಿಲಾವು ಹೊಡೆಯುವ ಮುಂಚೆ ಒಮ್ಮೆ ಒಳಗೆ ಹೋಗಿ ಪೈಪಿನ ಬಾಯಿಗಳಲ್ಲಿ ಎಷ್ಟು ಬಣ್ಣ ಕಾಣುತ್ತವೆ ಎಣಿಸಿ, ಫೋನಿನಲ್ಲಿ ಫೋಟೋ ಹಿಡಿದಿಟ್ಟುಕೊಳ್ಳಿ. ಒಂದೇ ಬಣ್ಣ ಕಂಡರೆ ಕೆಲಸ ನಿಲ್ಲಿಸಿ. ಅಂಗಡಿಯಲ್ಲಿ ವಿಚಾರಿಸಿ ನೋಡಿ: ಒಂದೇ ಕಂಪನಿಯ ಒಂದೇ ಅಳತೆಯ ಕೆಂಪು ಕಾಯಿಲಿಗೂ ಕಪ್ಪು ಕಾಯಿಲಿಗೂ ಹಸಿರಿಗೂ ದರ ಒಂದೇ.